ಅಟ್ಟ ನೋಡುವ ದೊಡ್ಡಪ್ಪ

೧೩-೧೦-೧೯೮೦, ಸೋಮವಾರ

ಇವತ್ತೂ ದೊಡ್ಡಪ್ಪ ಫೋನ್ ಎತ್ತಲಿಲ್ಲ. ಹತ್ತು ಸಲವಾದರೂ ಬಡಿದುಕೊಂಡಿರಬೇಕು. ಹಿಂದಿನ ಗೋಡೌನಿನಲ್ಲಿ ಚೀಲಕ್ಕೆ ಮಾರ್ಕು ಹಾಕಿಸುತ್ತಿದ್ದವಳು ನಾನು, ಓಡಿ ಬರುವಷ್ಟರಲ್ಲಿ ನಿಂತುಹೋಯಿತು. ಫೋನ್ ಇರುವುದು ಅವರ ಮೊಣಕೈ ಪಕ್ಕದಲ್ಲೇ. ಆಸಾಮಿ ಮಾತ್ರ ಗಾದಿಯ ಮೇಲೆ ಕೂತು ಅಂಗೈಯಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಪೂಜೆಗೆ ಕೂತವರ ಹಾಗೆ ನೋಡುತ್ತಿದ್ದರು.

ಅಪ್ಪ ಬಂದು ರೇಗಿದರು. ತರೀಕೆರೆ ಮಂಡಿಯವರ ಕರೆ ಅದು, ಲಾರಿ ನಿಂತಿದೆ, ಊರೆಲ್ಲ ಮುಂದೆ ಹೋಗುತ್ತಿದ್ದರೆ ನಮ್ಮ ಅಂಗಡಿ ಒಂದೇ ಎತ್ತಿನ ಗಾಡಿ ಕಾಲದಲ್ಲಿದೆ, ಇತ್ಯಾದಿ. ಕಡೂರಿನ ಸ್ಟೇಷನ್‌ವರೆಗೂ ಕೇಳಿಸಿರಬೇಕು. ದೊಡ್ಡಪ್ಪ ತಮ್ಮನ ಮುಖವನ್ನೇ ನೋಡುತ್ತ ಎಲ್ಲ ಮುಗಿಯುವವರೆಗೂ ಕಾದರು. ಆಮೇಲೆ, "ಬೇಕಾದೋರು ಬತ್ತಾರೆ ಕಣೋ ಕಲ್ಲೇಶಿ. ಎದುರಿಗೆ ನಿಂತು ಮಾತಾಡ್ತಾರೆ," ಎಂದರು. ಅಷ್ಟೇ. ಮತ್ತೆ ಕಾಯಿ.

ನಾನು ಅಂಗಡಿಗೆ ಬಂದು ಮೂರು ತಿಂಗಳು. ಬಿ.ಕಾಂ. ಮುಗಿಸಿ ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವಳನ್ನು "ವಿಮಲ ಅಂಗ್ಡಿಗೆ ಬರ್ಲಿ" ಎಂದು ಕರೆಸಿದವರು ಇದೇ ಹಳೇ ಕಾಲದ ದೊಡ್ಡಪ್ಪ! ಹೊಸ ಕಾಲದ ಅಪ್ಪನೇ ಬೇಡ ಎಂದಿದ್ದು. ಕೊಬ್ಬರಿ ಅಂಗಡಿಯಲ್ಲಿ ಹುಡುಗಿ ಕೂರುವುದೇ ಅಂತ. ಮೊದಲ ವಾರ ನನ್ನನ್ನು ನೋಡಲಿಕ್ಕೇ ಜನ ಬಂದರು. ಈಗ ಅವರಿಗೂ ಬೇಜಾರಾಗಿದೆ.

೧೯-೧೦-೮೦, ಭಾನುವಾರ

ಗೆದ್ದೆ. ಇವತ್ತು ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ವಾರಕ್ಕೊಂದು ದಿನ ರಜೆ ಬೇಕು ಎಂದು ನೇರವಾಗಿ ಕೇಳಿಬಿಟ್ಟಿದ್ದೆ. ಅಪ್ಪನಿಗೆ ನಗು. ತಾವು ಇಪ್ಪತ್ತೆರಡು ವರ್ಷದಲ್ಲಿ ಅಂಗಡಿ ಬಿಟ್ಟಿದ್ದು ಮದುವೆಗೆ ಮೂರು ದಿನ, ಅಜ್ಜ ತೀರಿಕೊಂಡಾಗ ಹನ್ನೊಂದು ದಿನ ಅಂತೆ. ದೊಡ್ಡಪ್ಪ ನಗಲಿಲ್ಲ. "ಹುಚ್ಚಮ್ಮಂಗೂ ಬೇಡ್ವಾ?" ಎಂದು ಕೇಳಿದರು. ಹುಚ್ಚಮ್ಮ ಚಿಪ್ಪು ಒಡೆಯುವವಳು, ನಮ್ಮಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ನನಗೆ ಅವಳ ನೆನಪೇ ಬಂದಿರಲಿಲ್ಲ. ನಾಚಿಕೆಯಾಯಿತು. ಈಗ ಎಲ್ಲರಿಗೂ ಭಾನುವಾರ ರಜೆ.

ಈ ಮನುಷ್ಯ ನನಗೆ ಅರ್ಥವಾಗುವುದಿಲ್ಲ. ರಜೆಗೆ ಒಪ್ಪುತ್ತಾರೆ, ಫೋನ್ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಹಿಂದಿನಿಂದ ಮಾತಾಡಿಸಬಾರದು. ರೇಡಿಯೋ ಹುಚ್ಚಮ್ಮನಿಗೆ ಕೊಟ್ಟುಬಿಟ್ಟಿದ್ದಾರೆ. ದೊಡ್ಡಪ್ಪನ ಬಗ್ಗೆ ರೈತರಿಗೆಲ್ಲ ಇದೇ ದೊಡ್ಡ ವಿಷಯ... ಷಣ್ಮುಖಪ್ಪನೋರು ಎಷ್ಟು ಗೌರವಸ್ಥರು, ನಾವು ಮಾತಾಡಿದರೆ ಮುಖದಿಂದ ಕಣ್ಣು ತೆಗೆಯುವುದಿಲ್ಲ ಅಂತ. ನನಗೋ, ಇದೆಲ್ಲ ಹಳೇ ಯಜಮಾನಿಕೆಯ ಠೀವಿ ಅನಿಸುತ್ತದೆ.

೮-೧೧-೮೦, ಶನಿವಾರ

ಸಿಂಗಟಗೆರೆಗೆ ಹೋಗಿ ಬಂದೆ. ಬರೆಯದೆ ಇರಲಾರೆ.

ಕರಿಸಿದ್ದಪ್ಪನವರ ಮನೆ. ಅಟ್ಟದ ಮೇಲೆ ಎಂಟು ಸಾವಿರ ಕಾಯಿ, ಸಿಪ್ಪೆ ಸಮೇತ, ಹೆಚ್ಚುಕಡಿಮೆ ಒಂದು ವರ್ಷದಿಂದ ಒಣಗುತ್ತಿವೆ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಮೇಲೇ ಒಡೆಯಬೇಕು. ಹದಿನೈದು ದಿನ ಮೊದಲು ಒಡೆದರೆ ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿ ಬರುತ್ತದೆ. ಚೂರು ಹೋಗುವುದು ಎಣ್ಣೆ ಮಿಲ್ಲಿಗೆ. ವರ್ಷದ ಫಸಲು, ಒಂದು ಮಾತಿನ ಮೇಲೆ. ಆ ಮಾತು ಹೇಳುವವರು ನಮ್ಮ ದೊಡ್ಡಪ್ಪ. ಇದನ್ನೇ 'ಅಟ್ಟ ನೋಡುವುದು' ಎನ್ನುತ್ತಾರೆ. ಕೇಳಿ ಗೊತ್ತಿತ್ತು, ಕಂಡದ್ದು ಇವತ್ತು.

ಅರವತ್ತೆರಡರ ಮನುಷ್ಯ ಸರಸರ ಏಣಿ ಹತ್ತಿದರು. ಅಟ್ಟದಲ್ಲಿ ಕತ್ತಲು, ಧೂಳು, ಹೆಗ್ಗಣದ ವಾಸನೆ. ನಾಲ್ಕು ಮೂಲೆಯಿಂದ, ನಡುವಿನಿಂದ, ಅಡಿಯಿಂದ ಒಂದೊಂದು ಕಾಯಿ ಎಳೆದು ಕಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುತ್ತಾರೆ. ಕಣ್ಣು ಮುಚ್ಚಿರುತ್ತದೆ. ನಾನೂ ಅಲ್ಲಾಡಿಸಿದೆ. ಗಡಗಡ ಎಂದಿತು. ಒಣಗಿದೆಯಲ್ಲ ಎಂದೆ. ನನ್ನ ಕೈಯಿಂದ ತೆಗೆದುಕೊಂಡು ಒಂದು ಸಲ ಅಲ್ಲಾಡಿಸಿ, "ಅರ್ಧ ಬಿಟ್ಟೈತೆ, ಅರ್ಧ ಕಚ್ಕೊಂಡೈತೆ," ಎಂದರು.

ಕೆಳಗೆ ಕರಿಸಿದ್ದಪ್ಪನವರಿಗೆ ಅವಸರ. ಬೇರೆ ಮಂಡಿಯವರು ನೋಡಿ ನಾಳೆಯೇ ಒಡೆಯಿರಿ ಎಂದಿದ್ದಾರೆ. ದೊಡ್ಡಪ್ಪ ಇನ್ನೂ ಇಪ್ಪತ್ತು ದಿನ ಎಂದರು. ಅವರು ಮುಖ ಊದಿಸಿಕೊಂಡರು. ದೊಡ್ಡಪ್ಪ ನಾನು ಅಲ್ಲಾಡಿಸಿದ ಕಾಯಿಯನ್ನೇ ಒಡೆಸಿ ತೋರಿಸಿದರು. ಚಿಪ್ಪಿನ ಒಂದು ಮಗ್ಗುಲಲ್ಲಿ ಕೊಬ್ಬರಿ ನುಣ್ಣಗೆ ಬಿಟ್ಟಿತ್ತು. ಇನ್ನೊಂದು ಮಗ್ಗುಲಲ್ಲಿ, ಹೇಳಿದ ಹಾಗೇ, ಕಚ್ಚಿಕೊಂಡಿತ್ತು.

ಬಸ್ಸಿನಲ್ಲಿ ಬರುವಾಗ, ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದು ಏನು ಎಂದು ಲೆಕ್ಕ ಹಾಕುತ್ತ ಕೂತಿದ್ದೆ.

೩-೧೨-೮೦

ಕರಿಸಿದ್ದಪ್ಪನವರ ಅಟ್ಟ ಒಡೆದಾಯಿತು. ನೂರಕ್ಕೆ ತೊಂಬತ್ತೇಳು ಉಂಡೆ. ಹುಚ್ಚಮ್ಮ ಕಾಯಿಯನ್ನು ತಿರುಗಿಸುತ್ತ ಸುತ್ತಲೂ ಕತ್ತಿಯ ಹಿಂಬದಿಯಿಂದ ಕುಟ್ಟುತ್ತಾಳೆ. ಚಿಪ್ಪು ಎರಡಾಗಿ ಬೀಳುತ್ತದೆ, ಒಳಗಿನ ಕಂದು ಉಂಡೆಗೆ ಒಂದು ಗೀರೂ ಇಲ್ಲ. ಹೇಗೆ ಎಂದು ಕೇಳಿದೆ. "ಅಪ್ಪಾರು ಹೂಂ ಅಂದ ಅಟ್ಟ ಒಡೆಯೋಕೆ ಕಣ್ಣೂ ಬೇಡ ಕಣವ್ವ," ಎಂದಳು. ನಾನು ಪ್ರಯತ್ನಿಸಿದ ಮೂರೂ ಚೂರು. ಹೆಬ್ಬೆರಳಿಗೆ ಪಟ್ಟಿ ಕಟ್ಟಿದೆ. ಬರೆಯುವುದು ಕಷ್ಟ.

೧೦-೧-೮೧, ಶನಿವಾರ

ಸಖರಾಯಪಟ್ಟಣದಲ್ಲಿ ಅಟ್ಟ. ವಿಪರೀತ ಚಳಿ. ದೊಡ್ಡಪ್ಪ ತಲೆ, ಕಿವಿ ಸೇರಿಸಿ ಮಫ್ಲರ್ ಸುತ್ತಿಕೊಂಡಿದ್ದರು. ಅಟ್ಟ ಹತ್ತಿದ ಮೇಲೂ ಬಿಚ್ಚಲಿಲ್ಲ. ಕಾಯಿ ಹಿಡಿದರು, ಮಫ್ಲರ್ ಪಕ್ಕದಲ್ಲೇ ಅಲ್ಲಾಡಿಸಿದರು, ಕಣ್ಣು ಮುಚ್ಚಿದರು.

ತಮಾಷೆ ಅನಿಸಿತು. ಹಿಂದಿನಿಂದ, "ದೊಡ್ಡಪ್ಪ, ಮಫ್ಲರ್ ಮೇಲಿಂದಾನೂ ಕೇಳಿಸುತ್ತಾ?" ಎಂದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕೇಳಿದೆ. ಇಲ್ಲ. ತುಂಟತನ ಬಂತು, "ದೊಡ್ಡಪ್ಪ, ಕೆಳಗೆ ಮನೆಗೆ ಬೆಂಕಿ ಬಿದ್ದಿದೆ," ಎಂದೆ. ಕೆಳಗಿನಿಂದ ಮನೆಯೊಡತಿ ಹೌಹಾರಿ ಏನಮ್ಮ ಏನಮ್ಮ ಎಂದು ಕೂಗಿದರು.

ದೊಡ್ಡಪ್ಪ ಇನ್ನೊಂದು ಕಾಯಿ ಎತ್ತಿಕೊಂಡರು.

೧೩-೧-೮೧, ಮಂಗಳವಾರ

ಮೂರು ದಿನದಿಂದ ಒಂದೇ ಯೋಚನೆ. ಫೋನ್, ರೇಡಿಯೋ, ಒಬ್ಬೊಬ್ಬರೇ ಮಾತಾಡುವುದು, ಎದುರಿಗೆ ನಿಲ್ಲುವುದು... ಒಂದೊಂದಾಗಿ ನೆನಪಾಗುತ್ತಿದೆ. ಇಲ್ಲ, ಹಾಗಿರಲಾರದು, ಹಾಗಿದ್ದರೆ ಅಟ್ಟ ಹೇಗೆ ನೋಡುತ್ತಾರೆ?

ಇವತ್ತು ಪರೀಕ್ಷೆ ಮಾಡಿಬಿಟ್ಟೆ. ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ಎದುರಿಗೆ ಹೋಗಿ ನಿಂತೆ. ದನಿ ಹೊರಡಿಸದೆ, ಬರೀ ತುಟಿ ಆಡಿಸಿದೆ: ದೊಡ್ಡಪ್ಪ, ಕಾಫಿ ಬೇಕಾ?

"ಬ್ಯಾಡ ಕಣೇ, ಈಗ್ತಾನೆ ಕುಡಿದೆ," ಎಂದರು.

ನನ್ನ ಮುಖ ನೋಡಿದರು. ಒಂದು ಗಳಿಗೆಯಲ್ಲಿ ಅವರಿಗೂ ಗೊತ್ತಾಗಿಹೋಯಿತು. ಕೈಯಲ್ಲಿದ್ದ ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು. ಅಷ್ಟರಲ್ಲಿ ಅಪ್ಪ ಬಂದರು, ಅವರ ದನಿ ಬಂತು, ಅಂಗಡಿ ತುಂಬಿತು.

೧೪-೧-೮೧, ಸಂಕ್ರಾಂತಿ

ಎಳ್ಳು ಕೊಡಲು ದೊಡ್ಡಪ್ಪನ ಮನೆಗೆ ಹೋದೆ. ತೀರ್ಥಮ್ಮ ದೊಡ್ಡಮ್ಮ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅವರಿಗೆ ಮೊದಲಿನಿಂದ ಗೊತ್ತು. ಅವರೊಬ್ಬರಿಗೇ.

ನಾಲ್ಕು ವರ್ಷವಾಯಿತಂತೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಗುಡುಗಿದರೆ ಮಾತ್ರ ಏನೋ ಅನ್ನಿಸುತ್ತದೆ. ಒಳಗೆ ಕೂತಿದ್ದ ದೊಡ್ಡಪ್ಪ ನಗುನಗುತ್ತಲೇ ಹೇಳಿದರು. "ಮೊದ್ಲು ಗುಬ್ಬಿ ಹೋದ್ವು. ಆಮೇಲೆ ನಿಮ್ಮ ದೊಡ್ಡಮ್ಮ. ನಿಮ್ಮಪ್ಪ ಮಾತ್ರ ಕೊನೇವರ್ಗೂ ಕೇಳಿಸ್ತಿದ್ದ ಕಣೇ."

ಮತ್ತೆ ಅಟ್ಟ? ಆ ವರ್ಷ ತಮ್ಮದೇ ಅಟ್ಟದಲ್ಲಿ ಒಬ್ಬರೇ ಕೂತರಂತೆ. ಕಾಯಿ ಅಲ್ಲಾಡಿಸುವುದು, ಒಳಗೆ ಹೀಗಿದೆ ಎಂದು ಅಂದುಕೊಳ್ಳುವುದು, ಒಡೆಯುವುದು. ತಪ್ಪಾದರೆ ಇನ್ನೊಂದು. ಎರಡು ಸಾವಿರಕ್ಕೂ ಹೆಚ್ಚು ಕಾಯಿ, ನಾಲ್ಕು ತಿಂಗಳು. ನನಗೆ ನೆನಪಿದೆ, ಅಣ್ಣನಿಗೆ ತಲೆ ಕೆಟ್ಟಿದೆ, ಒಳ್ಳೇ ಕಾಯಿ ಹಾಳು ಮಾಡುತ್ತಿದ್ದಾನೆ ಎಂದು ಅಪ್ಪ ಮನೆಯಲ್ಲಿ ಕೂಗಾಡಿದ್ದರು. ದೊಡ್ಡಪ್ಪ ಐವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರಿದ್ದರು ಎಂದು ಯಾರಿಗೆ ಗೊತ್ತಿತ್ತು?

ನನ್ನ ಮುಂಗೈ ಹಿಡಿದು ಅಂಗೈಯಲ್ಲಿ ಕಾಯಿ ಇಟ್ಟು ಅಲ್ಲಾಡಿಸಿದರು. ಕೊಬ್ಬರಿ ಬಿಟ್ಟಿದ್ದರೆ ಪೆಟ್ಟು ಮಣಿಕಟ್ಟಿಗೆ ಬರುತ್ತದೆ. ಕಚ್ಚಿಕೊಂಡಿದ್ದರೆ ಬೆರಳಲ್ಲೇ ನಿಲ್ಲುತ್ತದೆ. ನೀರಿದ್ದರೆ ಪೆಟ್ಟಿಲ್ಲ, ಬರೀ ಭಾರ ಓಡಾಡುತ್ತದೆ. ನನಗೆ ಏನೂ ತಿಳಿಯಲಿಲ್ಲ. ಕಿವಿ ಹತ್ತಿರ ಹಿಡಿಯುವುದು ನೋಡುವವರಿಗಾಗಿ ಅಂತೆ.

ಯಾಕೆ ಬಚ್ಚಿಟ್ಟಿರಿ ಎಂದೆ. "ಕಿವುಡಂಗೆ ಯಾರು ಅಟ್ಟ ಹತ್ತಿಸ್ತಾರೆ ವಿಮಲ?" ಎಂದರು. ಈ ಸಲ ನಗಲಿಲ್ಲ. ಅಟ್ಟ ಹತ್ತದ ದಿನ ತಾವು ಇದ್ದೂ ಇಲ್ಲ ಎಂದರು. ನನ್ನನ್ನು ಅಂಗಡಿಗೆ ಕರೆದದ್ದಕ್ಕೂ ಅದೇ ಕಾರಣ. ಮನೆಯ ಗಂಡಸರಿಗೆಲ್ಲ ಮೀಸೆ, ತುಟಿ ಕಾಣುವುದಿಲ್ಲ. ನಾನು ಬಾಯಿಬಡುಕಿ, ತುಟಿ ಬಿಚ್ಚಿ ಮಾತಾಡುತ್ತೇನೆ. ನನ್ನ ಬಿ.ಕಾಂ.ಗೆ ಸಿಕ್ಕ ಬೆಲೆ ಅಂದುಕೊಂಡಿದ್ದೆ! ಅಳು, ನಗು ಎರಡೂ ಬಂದವು.

ಅಪ್ಪನಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಇನ್ನು ಪ್ರತಿ ಅಟ್ಟಕ್ಕೂ ಜೊತೆಗೆ ಹೋಗುತ್ತೇನೆ. ಕೆಳಗಿನಿಂದ ಯಾರೇನು ಅಂದರೂ ಎದುರು ಬಂದು ತುಟಿಯಲ್ಲಿ ಹೇಳುತ್ತೇನೆ.

೨೫-೨-೮೧

ಬ್ಯಾಂಕ್ ಪರೀಕ್ಷೆ ಮಾರ್ಚ್ ಒಂದಕ್ಕೆ, ಶಿವಮೊಗ್ಗದಲ್ಲಿ. ಶನಿವಾರ, ಸೋಮವಾರ ರಜೆ ಕೇಳಿದೆ. ಕೊಟ್ಟರು. ಸೋಮವಾರ ಅಜ್ಜಂಪುರದಲ್ಲಿ ತೀರ್ಥಪ್ಪನವರ ಅಟ್ಟ ಇದೆ, ದೊಡ್ಡಪ್ಪ ಒಬ್ಬರೇ ಹೋಗುತ್ತಾರಂತೆ. ಬೇಡವೆನ್ನಲೇ... ಅವರೇ, ಹೋಗೇ, ನೀನು ಬರುವ ಮೊದಲು ನಾನೇನು ಮಲಗಿದ್ದೆನಾ ಎಂದರು.

೫-೩-೮೧, ಗುರುವಾರ

ಹಾಳಾಗಿಹೋಯಿತು.

ತೀರ್ಥಪ್ಪನವರ ಅಟ್ಟ ನೋಡಿ ದೊಡ್ಡಪ್ಪ ಒಡೆಯಿರಿ ಎಂದು ಬಂದಿದ್ದರು. ನಿನ್ನೆ ಒಡೆದರು. ಬಡಗಣ ಮೂಲೆಯ ಕಾಯಿ, ಎರಡು ಸಾವಿರಕ್ಕೆ ಹತ್ತಿರ, ಒಳಗೆಲ್ಲ ಕೊಳೆತು ಕಪ್ಪಾಗಿದೆ. ಆ ಮೂಲೆಯಲ್ಲಿ ಹೆಂಚು ಒಡೆದು ಸೋರಿತ್ತಂತೆ. ಮೇಲಿನ ಸಾಲು ಒಣಗಿ ಚೆನ್ನಾಗಿತ್ತು, ಅಡಿಯದು ಕೊಳೆತಿತ್ತು. ಒಳ್ಳೆಯದರ ಜೊತೆ ಸೇರಿಸಿಯೇ ಸುಲಿದು ರಾಶಿ ಹಾಕಿದ್ದರಿಂದ, ಹಸಿ ತಗುಲಿ ಮಿಕ್ಕ ಕೊಬ್ಬರಿಗೂ ಕಲೆ ಹಿಡಿದಿದೆ. ತೀರ್ಥಪ್ಪ ಹೇಳುವುದು: ಅಟ್ಟ ನೋಡುವಾಗ ಕೆಳಗಿನಿಂದ ಎರಡು ಸಲ ಕೂಗಿ ಹೇಳಿದೆ, ಆ ಮೂಲೆ ಸೋರಿದೆ, ಅಡಿಯಿಂದ ತೆಗೆದು ನೋಡಿ ಅಂತ, ದೊಡ್ಡಪ್ಪ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಯಾರೂ ನಂಬುತ್ತಿಲ್ಲ. ತೀರ್ಥಪ್ಪನನ್ನು!

ಪರೀಕ್ಷೆ ಮುಗಿದದ್ದು ಭಾನುವಾರ. ಸೋಮವಾರ ನಾನು ಶಿವಮೊಗ್ಗದಲ್ಲಿ ಗೆಳತಿಯ ಜೊತೆ ಮ್ಯಾಟಿನಿ ನೋಡುತ್ತಿದ್ದೆ. ಬೆಳಗಿನ ಬಸ್ಸು ಹಿಡಿದು ಅಜ್ಜಂಪುರದಲ್ಲಿ ಇಳಿದಿದ್ದರೆ ಸಾಕಿತ್ತು.

೬-೩-೮೧

ಅಪ್ಪ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದಾರೆ, ನಮ್ಮಣ್ಣ ಮೂವತ್ತೈದು ವರ್ಷದಲ್ಲಿ ಒಂದು ಅಟ್ಟ ತಪ್ಪು ಹೇಳಿಲ್ಲ, ಸೋರಿದ್ದನ್ನು ಮುಚ್ಚಿಟ್ಟು ಈಗ ಕೂಗಿದೆ ಅಂತಿದ್ದಾನೆ ಆ ಮನುಷ್ಯ. ಊರು ಹೌದೌದು ಎನ್ನುತ್ತಿದೆ. ಅಜ್ಜಂಪುರದಲ್ಲಿ ತೀರ್ಥಪ್ಪನವರನ್ನು ಸುಳ್ಳುಗಾರ ಅನ್ನುವುದಕ್ಕೆ ಶುರು ಮಾಡಿದ್ದಾರಂತೆ. ಅವರ ಮನೆಯಾಕೆ ಈಶ್ವರಮ್ಮ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರಂತೆ.

ಸತ್ಯ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ. ದೊಡ್ಡಪ್ಪ ಸುಮ್ಮನಿದ್ದುಬಿಡಲಿ ಎಂದೇ ನನ್ನ ಆಸೆ. ಸುಮ್ಮನಿದ್ದರೆ ಅಂಗಡಿಯ ಹೆಸರು ಉಳಿಯುತ್ತದೆ, ಅವರ ಅಟ್ಟ ಉಳಿಯುತ್ತದೆ. ತೀರ್ಥಪ್ಪನವರ ನಷ್ಟವನ್ನು ಹೇಗಾದರೂ ತುಂಬಿಕೊಟ್ಟರಾಯಿತು. ಒಂದೆರಡು ತಿಂಗಳಲ್ಲಿ ಜನ ಮರೆಯುತ್ತಾರೆ. ಹೀಗೆಲ್ಲ ದೊಡ್ಡಪ್ಪನ ಎದುರು ನಿಂತು ತುಟಿಯಲ್ಲಿ ಹೇಳಿಯೂಬಿಟ್ಟೆ. ಓದಿಕೊಂಡರು.

ನಾನು ರಜೆ ಹಾಕದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅತ್ತುಬಿಟ್ಟೆ. ಆಗ ಮಾತ್ರ ಸಿಟ್ಟಾದರು. "ರಜ ರಜಾನೇ. ನೀನು ಕೇಳಿದ್ದೆ, ನಾನು ಕೊಟ್ಟಿದ್ದೆ. ನಮ್ ಕಾಲ್ದಲ್ಲಿ ಕೇಳೋಕೆ ಬಾಯೇ ಇರ್ನಿಲ್ಲ. ನೀನು ಬಾಯ್ಬಿಟ್ಟು ಕೇಳ್ದೆ. ನಾನು ಹೇಳಬೇಕಾದ್ದು ನಾಕ್ ವರ್ಷದಿಂದ ಹೇಳ್ದೆ ಇದ್ದೆ. ಇದ್ರಲ್ಲಿ ತಪ್ಪು ಯಾರ್ದು?"

೯-೩-೮೧

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಸಂತೆ ದಿನ. ಅಂಗಡಿ ತುಂಬ ಜನ. ಕರಿಸಿದ್ದಪ್ಪನವರು, ಸಖರಾಯಪಟ್ಟಣದವರು, ಅಜ್ಜಂಪುರದಿಂದ ನಾಲ್ಕು ಮಂದಿ. ತೀರ್ಥಪ್ಪನವರನ್ನು ದೊಡ್ಡಪ್ಪನೇ ಆಳು ಕಳಿಸಿ ಕರೆಸಿದ್ದರು. ಅವರು ಬಾಗಿಲಲ್ಲೇ ನಿಂತಿದ್ದರು. ಯಾರೂ ಕೂರಿ ಎನ್ನಲಿಲ್ಲ.

ದೊಡ್ಡಪ್ಪ ಗಾದಿಯಿಂದ ಎದ್ದರು. ಹೋಗಿ ತೀರ್ಥಪ್ಪನವರ ಕೈ ಹಿಡಿದು ಕರೆತಂದು ಗಾದಿಯ ಮೇಲೆ ಕೂರಿಸಿದರು. ತಾವು ಕೆಳಗೆ ನಿಂತರು.

"ತೀರ್ಥಪ್ಪ ಎರಡು ಸಲ ಹೇಳಿದ್ನಂತೆ. ಹೇಳಿರ್ತಾನೆ. ಅವ್ನು ಸುಳ್ಳು ಹೇಳೋನಲ್ಲ. ನಂಗೆ ಕೇಳಿಸ್ಲಿಲ್ಲ. ನಾಕ್ ವರ್ಷದಿಂದ ನಂಗೆ ಕಿವಿ ಇಲ್ಲ ಕಣ್ರಪ್ಪ. ನಿಮ್ಮೆಲ್ರ ಅಟ್ಟಾನೂ ನಾನು ಕೈಯಾಗೆ ನೋಡಿರೋದು. ಹೇಳ್ದೆ ಇದ್ದಿದ್ದು ನನ್ನ ತಪ್ಪು. ಇನ್ಮೇಲೆ ಕರೆಯೋದು ಬಿಡೋದು ನಿಮಗೆ ಬಿಟ್ಟಿದ್ದು."

ಹುಚ್ಚಮ್ಮನ ಕತ್ತಿಯ ಸದ್ದು ನಿಂತಿತು. ಅಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು. ಹಾಳಾದ ಅಷ್ಟೂ ತಮ್ಮ ಪಾಲು, ತೀರ್ಥಪ್ಪನಿಗೆ ಒಳ್ಳೇ ಕೊಬ್ಬರಿಯ ಲೆಕ್ಕದಲ್ಲೇ ಸಲ್ಲುತ್ತದೆ ಎಂದು ಹೇಳಿ ದೊಡ್ಡಪ್ಪ ಚಪ್ಪಲಿ ಮೆಟ್ಟಿ ಮನೆಗೆ ಹೊರಟರು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು.

ಸುಮ್ಮನಿರಿ ಎಂದು ಹೇಳಿಕೊಟ್ಟವಳು ನಾನು. ಅದೂ ಓದಿದವಳು! ನಾಚಿಕೆಗಿಂತ ದೊಡ್ಡದೇನೋ ಎದೆಯಲ್ಲಿ ತುಂಬಿಕೊಂಡಿದೆ. ಹೆಸರು ಗೊತ್ತಿಲ್ಲ. ದೇವರ ಮುಂದೆ ನಿಂತಾಗಲೂ ನನಗೆ ಹೀಗೆ ಆಗಿಲ್ಲ.

ರಾತ್ರಿ ಅಪ್ಪ ಊಟ ಮಾಡಲಿಲ್ಲ. ನಾಲ್ಕು ವರ್ಷ ನಾನು ಅವನ ಮೇಲೆ ಕೂಗಿದೆ ವಿಮಲ, ಎಂದು ಒಂದೇ ಮಾತು.

೨೦-೩-೮೧

ಒಬ್ಬರೂ ಬಂದಿಲ್ಲ. ಹನ್ನೊಂದು ದಿನ.

ಕರಿಸಿದ್ದಪ್ಪನವರು ತಮ್ಮ ತಮ್ಮಂದಿರ ಅಟ್ಟಕ್ಕೆ ಬೇರೆ ಮಂಡಿಯವರನ್ನು ಕರೆದರಂತೆ. ತೊಂಬತ್ತೇಳು ಉಂಡೆ ಮರೆತುಹೋಯಿತು. ದೊಡ್ಡಪ್ಪ ದಿನವೂ ಬಂದು ಗಾದಿಯ ಮೇಲೆ ಕೂರುತ್ತಾರೆ. ಬಾಗಿಲು ನೋಡುತ್ತಾರೆ. ಕೈಯಲ್ಲಿ ಕಾಯಿ ಇಲ್ಲ. ಅಪ್ಪ ಎದುರು ಬಂದು ಮೆಲ್ಲಗೆ ಮಾತಾಡುತ್ತಾರೆ, ಮೀಸೆ ಕತ್ತರಿಸಿಕೊಂಡಿದ್ದಾರೆ. ನೋಡಲಾಗುವುದಿಲ್ಲ ಇಬ್ಬರನ್ನೂ.

ಮನೆಯಲ್ಲಿ ನಾನು ಕಿವಿಗೆ ಹತ್ತಿ ತುರುಕಿಕೊಂಡು ಕಾಯಿ ಅಲ್ಲಾಡಿಸುತ್ತಿದ್ದೇನೆ. ನಿನ್ನೆ ಹತ್ತರಲ್ಲಿ ನಾಲ್ಕು ಸರಿ.

೨೭-೩-೮೧, ಶುಕ್ರವಾರ

ಮಧ್ಯಾಹ್ನ ಮೂರರ ಹೊತ್ತು. ಬಾಗಿಲಲ್ಲಿ ನೆರಳು. ನೋಡಿದರೆ ತೀರ್ಥಪ್ಪನವರು.

ಅಪ್ಪ ಎದ್ದು ನಿಂತರು. ನಷ್ಟದ್ದೆಲ್ಲ ಹೋದ ವಾರವೇ ತಲುಪಿತ್ತು, ಇನ್ನೇನು ಉಳಿದಿದೆ ಇವರಿಗೆ? ಅವರು ನಮ್ಮ ಕಡೆ ನೋಡಲಿಲ್ಲ. ಹೊರಗೆ ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದರು. ತೊಟ್ಟಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಬಂದರು. ನೆಟ್ಟಗೆ ಗಾದಿಯ ಹತ್ತಿರ ಹೋಗಿ, ದೊಡ್ಡಪ್ಪನ ಎದುರಿಗೆ, ಒಂದು ಮೊಳ ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮಕ್ಕಳಿಗೆ ಹೇಳಿಕೊಡುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಮೇಗಳ ಮನೆ ಅಟ್ಟ ಹಂಗೇ ಐತೆ. ಬ್ಯಾರೆಯೋರ್ನ ಹತ್ತಿಸೋಕೆ ನಂಗೆ ಮನಸ್ಸಿಲ್ಲ. ಯಾವತ್ತು ಬತ್ತೀರಾ?"

ದೊಡ್ಡಪ್ಪ ಅವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಪಂಚೆಯ ಚುಂಗಿನಿಂದ ಕಣ್ಣು ಒತ್ತಿಕೊಂಡು ನನ್ನ ಕಡೆ ತಿರುಗಿದರು.

"ಏನಂದ ಕಣೇ ಇವ್ನು? ಕಣ್ಣು ಮಂಜಾಯ್ತು, ತುಟಿ ಕಾಣ್ಲಿಲ್ಲ."

ನಾನು ಎದುರಿಗೆ ಕೂತು, ಅವರು ಇನ್ನೊಮ್ಮೆ ಕಣ್ಣು ಒರೆಸಿಕೊಳ್ಳುವವರೆಗೂ ಕಾದು, ತುಟಿ ಬಿಚ್ಚಿ ಹೇಳಿದೆ: ಯಾವತ್ತು ಅಟ್ಟ ಹತ್ತುತ್ತೀರಾ ಅಂತ ಕೇಳ್ತಿದ್ದಾರೆ ದೊಡ್ಡಪ್ಪ.